ಹಳೇ 407 ಇಂಜಿನ್ ಕೆಲಸ: ಮೊದಲು ಅಳತೆ, ಆಮೇಲೆ ಸಾಮಾನು

ಸೀಸನ್ ಮುಗಿದ ಕೂಡಲೇ ನನಗೆ ಬರೋ ಫೋನುಗಳಲ್ಲಿ ಅರ್ಧ ಇದೇ ಇರುತ್ತೆ: "ಅಣ್ಣಾ, ಗಾಡಿ ಬ್ಯಾಕ್ ಕಂಪ್ರೆಷನ್ ಹೊಡೀತಿದೆ, ಆಯಿಲ್ ಕುಡೀತಿದೆ. ಇಂಜಿನ್ ಬಿಚ್ಚಿಸ್ಬೇಕು. ಯಾವ ಕಂಪನಿ ಕಿಟ್ ತಗೊಳ್ಳಲಿ?"

ಕಂಪನಿ ಹೆಸರು ಆಮೇಲೆ ನೋಡೋಣ. ಇಂಜಿನ್ ಬಿಚ್ಚಿ, ತೊಳೆದು, ಅಳತೆ ತೆಗೆಯೋ ತನಕ ಒಂದು ವಾಷರ್ ಕೂಡ ತಗೋಬೇಡಿ.

ಟಾಟಾ 407ನ್ನೇ ತಗೊಳ್ಳಿ. 1986ರಲ್ಲಿ ರಸ್ತೆಗೆ ಬಂದ ಗಾಡಿ, ಇವತ್ತಿಗೂ ನಮ್ಮ ಕಡೆ ಟೊಮ್ಯಾಟೊ ಕ್ರೇಟು ಹೊತ್ಕೊಂಡು ಕೋಲಾರ ಎಪಿಎಂಸಿಗೆ ಹೋಗ್ತಾನೇ ಇದೆ. ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಸಿಗೋದು 497 ಇಂಜಿನ್. ಆ ನಂಬರಿನಲ್ಲೇ ಅಳತೆ ಇದೆ: 4 ಸಿಲಿಂಡರ್, 97 ಎಂಎಂ ಬೋರ್. ಸ್ಟ್ರೋಕ್ 100 ಎಂಎಂ, ಒಟ್ಟು 2956 ಸಿಸಿ. ಆದ್ರೆ ಟರ್ಬೊ ಇಲ್ಲದ್ದು, ಟರ್ಬೊ ಇರೋದು ಎರಡೂ ಇವೆ, ಪಿಸ್ಟನ್ ಎರಡಕ್ಕೂ ಒಂದೇ ಅಂದ್ಕೋಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಇಂಜಿನ್ನೇ ಬದಲಾಗಿರುತ್ತೆ, ಆರ್‌ಸಿಯಲ್ಲಿರೋ ಇಸವಿ ನೋಡಿ ಸಾಮಾನು ತಂದ್ರೆ ಕೂರೋದಿಲ್ಲ. ಬ್ಲಾಕ್ ಮೇಲಿನ ಇಂಜಿನ್ ನಂಬರ್ ಒರೆಸಿ ಫೋಟೋ ತೆಗೀರಿ. ಅದು ಆರ್‌ಸಿ ಜೊತೆ ಹೊಂದದೇ ಇದ್ರೆ ಆರ್‌ಟಿಒ ಕೆಲಸ ಬೇರೆ ಬಾಕಿ ಇದೆ ಅಂತ ತಿಳ್ಕೊಳ್ಳಿ.

ಅಳತೆಯಲ್ಲಿ ಮೊದಲನೇದು ಬೋರ್. ಮೇಲಿನ ರಿಂಗ್ ಓಡಾಡೋ ಜಾಗದಲ್ಲಿ ಸವೆತ ಜಾಸ್ತಿ, ಕೆಳಗೆ ಕಡಿಮೆ. ಅದಕ್ಕೇ ಲೇತ್‌ನವರು ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೀತಾರೆ, ಪ್ರತಿ ಕಡೆ ಉದ್ದಕ್ಕೊಂದು ಅಡ್ಡಕ್ಕೊಂದು. ಬೆರಳು ಸವರಿ "ರಿಂಗ್ ಹಾಕಿದ್ರೆ ಸಾಕು" ಅನ್ನೋ ಮೇಸ್ತ್ರಿಗಳಿದ್ದಾರೆ. ಮೊಟ್ಟೆ ಆಕಾರಕ್ಕೆ ಸವೆದ ಬೋರ್‌ನಲ್ಲಿ ದುಂಡಗಿನ ಹೊಸ ರಿಂಗ್ ಏನು ಮಾಡೀತು? ಸ್ವಲ್ಪ ದಿನ ಹೊಗೆ ಕಡಿಮೆಯಾಗುತ್ತೆ, ಅಷ್ಟೇ.

ಎರಡನೇದು ಕ್ರ್ಯಾಂಕ್. ಇಲ್ಲೇ ಹೆಚ್ಚು ದುಡ್ಡು ಹಾಳಾಗೋದು. ಕ್ರ್ಯಾಂಕ್ ಗ್ರೈಂಡ್ ಮಾಡಿದ್ರೆ ಜರ್ನಲ್ ಸಣ್ಣದಾಗುತ್ತೆ, ಆ ಸಣ್ಣ ಅಳತೆಗೆ ತಕ್ಕ ಬೇರಿಂಗ್ ಬೇಕು. ಬೇರಿಂಗ್ ಬರೋದು ಹಂತಹಂತವಾಗಿ: ಸ್ಟ್ಯಾಂಡರ್ಡ್, 0.25 ಎಂಎಂ, 0.50, 0.75 ಹೀಗೆ. ಲೇತ್‌ನವರ ಬಾಯಲ್ಲಿ 0.25 ಅಂದ್ರೆ "ಹತ್ತು", 0.50 ಅಂದ್ರೆ "ಇಪ್ಪತ್ತು". ಪಕ್ಕದೂರಿನ ಹುಡುಗನೊಬ್ಬ ಆಫರ್ ಇದೆ ಅಂತ ಇಪ್ಪತ್ತರ ಸೆಟ್ ಮೊದಲೇ ತಂದಿಟ್ಟಿದ್ದ. ಒಂದು ಜರ್ನಲ್‌ನಲ್ಲಿ ಗೀರು ಆಳವಾಗಿತ್ತು, ಮೂವತ್ತಕ್ಕೆ ಇಳಿಸಬೇಕಾಯ್ತು. ಬಿಗ್ ಎಂಡ್ ಜರ್ನಲ್ ನಾಲ್ಕನ್ನೂ ಒಂದೇ ಅಳತೆಗೆ ತರ್ತಾರಲ್ಲ, ಹಾಗಾಗಿ ಇಡೀ ಸೆಟ್ ದಂಡ. ಪ್ಯಾಕಿಂಗ್ ಹರಿದ ಮಾಲನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಲೇತ್‌ನವರಿಂದ ಎಲ್ಲಾ ಅಳತೆ ಒಂದು ಚೀಟಿಯಲ್ಲಿ ಬರೆಸ್ಕೊಳ್ಳಿ. ಕನೆಕ್ಟಿಂಗ್ ರಾಡ್ ಬಾಗಿದ್ಯಾ, ಹೆಡ್‌ನಲ್ಲಿ ಬಿರುಕು ಇದ್ಯಾ ಅನ್ನೋದೂ ಅದರಲ್ಲಿರಲಿ. ಆ ಚೀಟಿಯೇ ನಿಮ್ಮ ಖರೀದಿ ಪಟ್ಟಿ.

ಈಗ ದುಡ್ಡಿನ ವಿಷಯ. ಎಲ್ಲವನ್ನೂ ಕಂಪನಿ ಷೋರೂಮಿನಲ್ಲೇ ತಗೋಬೇಕು ಅಂತ ನಾನು ಹೇಳಲ್ಲ. ನನ್ನ ಲೆಕ್ಕ ಸರಳ: ಕೆಟ್ಟರೆ ಮತ್ತೆ ಇಂಜಿನ್ ಇಳಿಸಬೇಕಾಗುವ ಸಾಮಾನಿಗೆ ಕೈ ಬಿಗಿ ಮಾಡಬಾರದು. ಪಿಸ್ಟನ್, ರಿಂಗ್, ಲೈನರ್, ಮೇನ್ ಮತ್ತು ಬಿಗ್ ಎಂಡ್ ಬೇರಿಂಗ್, ರಾಡ್ ಬೋಲ್ಟ್, ಹೆಡ್ ಗ್ಯಾಸ್ಕೆಟ್, ಹಿಂದಿನ ಆಯಿಲ್ ಸೀಲ್, ಇವೆಲ್ಲ ಒರಿಜಿನಲ್ ಇರಲಿ, ಇಲ್ಲಾ ಗಾಡಿ ಕಂಪನಿಗಳಿಗೇ ಮಾಲು ಕೊಡೋ ತಯಾರಕರದ್ದಿರಲಿ. ಹೊರಗಿನಿಂದ ಬಿಚ್ಚಿ ಹಾಕಬಹುದಾದ ಕ್ಲಾಂಪು, ಬ್ರ್ಯಾಕೆಟ್‌ಗೆ ಒಳ್ಳೇ ಲೋಕಲ್ ಮಾಲು ನಡೆಯುತ್ತೆ. ಇನ್ನೊಂದು ಮಾತು, ಹಳೇದೆಲ್ಲ ಗುಜರಿ ಅಲ್ಲ. ಬಾಗದ, ಬಿರುಕಿಲ್ಲದ ಕಂಪನಿ ರಾಡ್ ಇದ್ರೆ ಇಟ್ಕೊಳ್ಳಿ, ಹೆಸರಿಲ್ಲದ ಹೊಸ ರಾಡ್‌ಗಿಂತ ಅದನ್ನೇ ನಾನು ನಂಬ್ತೀನಿ.

ಪಿಸ್ಟನ್ ನಾಲ್ಕೂ ಒಂದೇ ಸೆಟ್‌ನದ್ದಾಗಿರಬೇಕು, ತೂಕ ಹೊಂದಬೇಕು. ಹಳೇ ಪಿಸ್ಟನ್ ಒಂದನ್ನು ಅಂಗಡಿಗೆ ಒಯ್ದು ತಲೆ ಮೇಲಿನ ಗುಳಿ, ಪಿನ್ ದಪ್ಪ, ಪಿನ್‌ನಿಂದ ತಲೆವರೆಗಿನ ಎತ್ತರ ಹೋಲಿಸಿ. ಲೈನರ್‌ನಲ್ಲಿ ಫುಲ್ ಫಿನಿಶ್, ಸೆಮಿ ಫಿನಿಶ್ ಅಂತ ಎರಡು ಬರುತ್ತೆ. ಸೆಮಿ ಫಿನಿಶ್ ಆದ್ರೆ ಬ್ಲಾಕಿಗೆ ಒತ್ತಿದ ಮೇಲೆ ಬೋರ್ ಮಾಡಿ ಹೋನಿಂಗ್ ಮಾಡ್ಬೇಕು. ಪಿಸ್ಟನ್ ಮೊದಲು ಲೇತ್‌ಗೆ ಕೊಟ್ಟು, ಅದನ್ನು ಅಳೆದೇ ಬೋರ್ ಮುಗಿಸೋಕೆ ಹೇಳಿ. ಡಬ್ಬಿ ಮೇಲಿನ ನಂಬರ್ ನಂಬಿ ಬೋರ್ ಮಾಡಿಸಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಹೊಸ ರಿಂಗ್ ಒಂದನ್ನೇ ಬೋರ್ ಒಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮನಾಗಿ ಕೆಳಗೆ ತಳ್ಳಿ. ಬಾಯಿ ಎಷ್ಟು ತೆರೆದಿದೆ ಅಂತ ಫೀಲರ್ ಗೇಜ್ ಹಾಕಿ ನೋಡಿ. ಈ ಗಾತ್ರದ ಬೋರ್‌ನಲ್ಲಿ ಸುಮಾರು 0.30ರಿಂದ 0.40 ಎಂಎಂ ಅನ್ನೋದು ಅಂದಾಜು. ಪಕ್ಕಾ ಅಂಕಿ ರಿಂಗ್ ಡಬ್ಬಿಯ ಚೀಟಿಯಲ್ಲೋ ಮ್ಯಾನ್ಯುಯಲ್‌ನಲ್ಲೋ ನೋಡಿ. ಬಾಯಿ ತೀರಾ ಕಡಿಮೆ ಇದ್ರೆ ಬಿಸಿಗೆ ರಿಂಗ್ ಹಿಗ್ಗಿ, ತುದಿಗಳು ಗುದ್ದಿಕೊಂಡು ಬೋರ್ ಕೆರೆದುಬಿಡುತ್ತೆ.

ನಕಲಿ ಮಾಲಿನ ಕಾಟ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೋಬಳಿ ಅಂಗಡಿವರೆಗೂ ಇದೆ. ಎಲ್ಲರೂ ಮೋಸ ಮಾಡ್ತಾರೆ ಅಂತಲ್ಲ. ಆದ್ರೆ ಜೇಬಲ್ಲಿ ಫೋನ್ ಇದೆ, ಬಳಸಿ. ಹೊಲೊಗ್ರಾಮ್ ನೋಡಿ, ಕ್ಯೂಆರ್ ಕೋಡ್ ಇದ್ರೆ ಸ್ಕ್ಯಾನ್ ಮಾಡಿ, ಪಾರ್ಟ್ ನಂಬರ್ ಕಂಪನಿ ವೆಬ್‌ಸೈಟಿನದ್ದರ ಜೊತೆ ತಾಳೆ ಹಾಕಿ. ಅಕ್ಷರ ತಪ್ಪು, ಮಸುಕು ಪ್ರಿಂಟು, ಬೇರಿಂಗ್ ಬೆನ್ನ ಮೇಲೆ ಅಳತೆಯ ಗುರುತೇ ಇಲ್ಲದಿರೋದು ಕಂಡ್ರೆ ಅಲ್ಲೇ ಬಿಡಿ. ಜಿಎಸ್‌ಟಿ ಬಿಲ್ ಬೇಡ ಅಂದ್ರೆ ರೇಟು ಇಳಿಸ್ತೀನಿ ಅಂತಾರೆ. ಬಿಲ್ ಇಲ್ಲದ ಮಾಲು ಕೆಟ್ಟರೆ ಯಾರನ್ನ ಕೇಳ್ತೀರಿ?

ಥರ್ಮೋಸ್ಟ್ಯಾಟ್ ಬಗ್ಗೆ ಹೇಳಲೇಬೇಕು. "ಅದು ಬೇಡ ಬಿಡಿ, ಇಂಜಿನ್ ತಣ್ಣಗಿರುತ್ತೆ" ಅಂತ ಕಿತ್ತೆಸೆಯೋ ಚಾಳಿ ಇದೆ. ಡೀಸೆಲ್ ಇಂಜಿನ್ ತಣ್ಣಗೇ ಓಡಿದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ, ಬೋರ್ ಬೇಗ ಸವೆಯುತ್ತೆ. ಬಿಸಿ ಹೆಚ್ಚಾಗ್ತಿದ್ರೆ ರೇಡಿಯೇಟರ್, ವಾಟರ್ ಪಂಪ್ ನೋಡಿಸಿ, ಥರ್ಮೋಸ್ಟ್ಯಾಟ್ ಹೊಸದೇ ಹಾಕಿಸಿ. ಇಂಜೆಕ್ಟರ್, ಫ್ಯೂಯಲ್ ಪಂಪ್ ಅಂದಾಜಿನಲ್ಲಿ ಬದಲಾಯಿಸೋದು ಬೇಡ. ಪಂಪ್ ರೂಮಿನಲ್ಲಿ ಟೆಸ್ಟ್ ಮಾಡಿಸಿ, ಕೆಟ್ಟ ನಾಜಲ್ ಮಾತ್ರ ಬದಲಿಸಿ. ಡೀಸೆಲ್ ಸರಿಯಾಗಿ ಸಿಂಪಡಿಸದೆ ಸುರಿಯೋ ನಾಜಲ್ ಹೊಸ ಪಿಸ್ಟನ್ ತಲೆಯನ್ನೇ ಸುಟ್ಟುಬಿಡಬಹುದು.

ಲೆಕ್ಕ ಹಾಕಿದಾಗ ಬ್ಲಾಕ್, ಕ್ರ್ಯಾಂಕ್ ಎರಡೂ ಹೋಗಿವೆ ಅಂತಾದ್ರೆ ರೀಕಂಡಿಷನ್ ಇಂಜಿನ್ ರೇಟೂ ಕೇಳಿ. ಟಾಟಾದವರದ್ದೇ ಪ್ರೊಲೈಫ್ ಅಂತ ಹಳೇದು ಕೊಟ್ಟು ರೀಕಂಡಿಷನ್ ತಗೊಳ್ಳೋ ವ್ಯವಸ್ಥೆ ಇದೆ. ನಂಬರ್ ಬದಲಾದ್ರೆ ಆರ್‌ಸಿಯಲ್ಲಿ ಬರೆಸೋದು ಮರೀಬೇಡಿ.

ಇಷ್ಟೆಲ್ಲ ಆದ ಮೇಲೆ, ಇಂಜಿನ್ ಸವೆದದ್ದು ಯಾಕೆ ಅಂತ ನೋಡಿದ್ರಾ? ನಮ್ಮ ಹೊಲದ ದಾರಿಯ ಕೆಂಪು ಧೂಳು ಒಳಗೆ ಹೋಗೋದು ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗೋ ರಬ್ಬರ್ ಹೋಸ್ ಸೀಳಿದ ಕಡೆಯಿಂದ. ಫಿಲ್ಟರ್ ಹೊಸದಿದ್ರೂ ಹೋಸ್ ಹರಿದಿದ್ರೆ ಪ್ರಯೋಜನ ಇಲ್ಲ. ಹೋಸನ್ನು ಬಗ್ಗಿಸಿ, ಮಡಿಕೆಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಧೂಳಿನ ಗೆರೆ ಕಂಡ್ರೆ ಹೋಸ್, ಎರಡು ಕ್ಲಾಂಪು ಕೂಡ ಅದೇ ಚೀಟಿಗೆ ಸೇರಿಸಿ, ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆಯೇ ಹಾಕಿಸಿ.