ಉಷ್ಣವ್ಯವಸ್ಥೆಗಳ ರಚನೆಯೂ ಗಣಕಯಂತ್ರದ ಪ್ರಾಮಾಣ್ಯವೂ

ಕುದಿಪಾತ್ರೆ, ಶೀತಕಯಂತ್ರ, ಉಷ್ಣವಿನಿಮಯಯಂತ್ರ ಮೊದಲಾದುವುಗಳಿಗೆ ಯಂತ್ರಶಾಸ್ತ್ರದಲ್ಲಿ ಉಷ್ಣವ್ಯವಸ್ಥೆಗಳೆಂದು ಹೆಸರು. ಇವುಗಳ ರಚನೆಯನ್ನು ಇಂದಿನ ವಿದ್ಯಾರ್ಥಿಗಳು ಗಣಕಯಂತ್ರದ ಸಹಾಯದಿಂದ ಅಭ್ಯಾಸಮಾಡುವರು. ಆ ಯಂತ್ರವು ಕೊಡುವ ಉತ್ತರಕ್ಕೆ ಪ್ರಾಮಾಣ್ಯವು ಎಲ್ಲಿಂದ ಬರುವುದೆಂಬುದೇ ಇಲ್ಲಿಯ ವಿಚಾರ.

ಉಷ್ಣಪ್ರಸರಣದ ಗಣಿತವನ್ನು ಫ್ರಾನ್ಸಿನ ಫೂರಿಯೇ ಎಂಬ ವಿದ್ವಾಂಸನು 1822ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಆತನ ಸಮೀಕರಣವು ಸರಳಾಕೃತಿಗಳಲ್ಲಿ ಕೈಲೆಕ್ಕಕ್ಕೆ ಒಗ್ಗುವುದು. ಜಟಿಲಾಕೃತಿಗಳಲ್ಲಿ ಸಾಮಾನ್ಯವಾಗಿ ಒಗ್ಗದು. ಆದುದರಿಂದ ವಸ್ತುವನ್ನು ಸಣ್ಣ ಸಣ್ಣ ಕೋಷ್ಠಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಸಮೀಕರಣವನ್ನು ಬರೆದು, ಅವೆಲ್ಲವನ್ನೂ ಯಂತ್ರದಿಂದ ಬಿಡಿಸುವರು.

ಇಲ್ಲಿ ಸಂಭವಿಸುವ ದೋಷವು ಮುಖ್ಯವಾಗಿ ಎರಡು ವಿಧ: ಗಣನದೋಷ, ಕಲ್ಪನಾದೋಷ. ಗಣನದೋಷವನ್ನು ಕಂಡುಹಿಡಿಯಲು ಎರಡು ಪರೀಕ್ಷೆಗಳುಂಟು. ಕೋಷ್ಠಗಳನ್ನು ಇನ್ನೂ ಕಿರಿದುಮಾಡಿದರೂ ಉತ್ತರವು ಹೆಚ್ಚಾಗಿ ಬದಲಾಗಬಾರದೆಂಬುದು ಒಂದು. ಬಿಟ್ಟ ಉಷ್ಣವೂ ಪಡೆದ ಉಷ್ಣವೂ ಸಮವಾಗಬೇಕೆಂಬುದು ಇನ್ನೊಂದು. ಉದಾಹರಣೆಗೆ, ವಿನಿಮಯಯಂತ್ರದಲ್ಲಿ ಸೆಕೆಂಡಿಗೆ 2 ಕಿಲೋಗ್ರಾಂ ಬಿಸಿನೀರು ಹರಿಯುತ್ತ 80 ಡಿಗ್ರಿ ಸೆಲ್ಸಿಯಸ್‌ನಿಂದ 50ಕ್ಕೆ ಇಳಿದರೆ, ಅದು ಬಿಡುವ ಉಷ್ಣವು ಸುಮಾರು 251 ಕಿಲೋವ್ಯಾಟ್. ಹೊರಗೆ ನಷ್ಟವಿಲ್ಲದಿದ್ದಲ್ಲಿ, ಸೆಕೆಂಡಿಗೆ 3 ಕಿಲೋಗ್ರಾಂ ಹರಿಯುವ ತಣ್ಣೀರು 20 ಡಿಗ್ರಿ ಏರತಕ್ಕದ್ದು. ಯಂತ್ರವು 25 ಎಂದರೆ ಲೆಕ್ಕವು ಅಗ್ರಾಹ್ಯ.

ಕಲ್ಪನಾದೋಷವು ಇದಕ್ಕಿಂತಲೂ ಸೂಕ್ಷ್ಮವಾದುದು. ಲೋಹದ ಉಷ್ಣವಾಹಕತೆಯನ್ನೂ ಮೇರೆಗಳ ಸ್ಥಿತಿಯನ್ನೂ ಯಂತ್ರಕ್ಕೆ ತಿಳಿಸತಕ್ಕವನು ವಿದ್ಯಾರ್ಥಿಯೇ. ಕೊಳವೆಯೊಳಗೆ ಕಟ್ಟುವ ಸುಣ್ಣದ ಪದರವನ್ನು ಅವನು ಮರೆತರೆ, ಮೇಲಣ ಎರಡು ಪರೀಕ್ಷೆಗಳೂ ಸರಿಹೋಗಬಹುದು. ಆದರೂ ಕಟ್ಟಿದ ಯಂತ್ರವು ನೀರನ್ನು ಬೇಕಾದಷ್ಟು ತಣಿಸದು. ಅಲ್ಲಿ ಅಳತೆಯೆಂಬ ಪ್ರತ್ಯಕ್ಷವೇ ಪ್ರಮಾಣ. ಆದಕಾರಣ ಕೈಲೆಕ್ಕವನ್ನೂ ಪ್ರಯೋಗಶಾಲೆಯನ್ನೂ ಬಿಟ್ಟು ಯಂತ್ರವೊಂದನ್ನೇ ಕಲಿಸುವ ಶಿಕ್ಷಣವು ಅಪೂರ್ಣವೆಂದು ಸಿದ್ಧವಾಗುವುದು.