ದಣಿವು ಬೇರೆ, ಬಳಲಿಕೆ ಬೇರೆ

ದುಡಿದವರಿಗೆ ದಣಿವು ಸಹಜ. ಹಗಲೆಲ್ಲ ಹೊಲದಲ್ಲಿ ಬೆವರು ಸುರಿಸಿದವನು ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಮೈ ಹಗುರಾಗುತ್ತದೆ. ಆದರೆ ಒಂದೆರಡು ದಿನದ ನಿದ್ರೆ, ವಿಶ್ರಾಂತಿಗಳಿಂದ ನೀಗದ ಬಳಲಿಕೆಯೂ ಒಂದುಂಟು. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಸುಡುವಂತೆ ಅದು ಮನುಷ್ಯನ ಒಳಗನ್ನು ಸುಡುತ್ತದೆ. ಇದಕ್ಕೆ ‘ಬರ್ನ್‌ಔಟ್’ ಎಂಬ ಹೆಸರು ಬಳಕೆಯಲ್ಲಿದೆ.

ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದವರ ಸ್ಥಿತಿಯನ್ನು ಕಂಡು, ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಕುರಿತು ಬರೆದರು. ಹಾಗೆ ಬಳಲಿದವರು ಸೋಮಾರಿಗಳಲ್ಲ. ಪರರ ನೋವಿಗೆ ಮರುಗಿ, ತಮ್ಮ ಮಿತಿಯನ್ನು ಮರೆತು ದುಡಿದವರು. ಕಾಯಕ ದಾಸೋಹಗಳನ್ನು ಬಾಳಿನ ಬೆಲೆಯೆಂದು ತಿಳಿದ ಮನೆತನಗಳು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆನ್ನದೆ, ಉದ್ಯೋಗದಲ್ಲಿನ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿರುವುದರ ಪರಿಣಾಮವೆಂದು ಹೇಳಿ, ಮೂರು ಲಕ್ಷಣಗಳನ್ನು ಸೂಚಿಸಿತು. ಮೊದಲನೆಯದು, ಶಕ್ತಿಯೆಲ್ಲ ಬಸಿದುಹೋದಂಥ ಅನುಭವ. ಎರಡನೆಯದು, ಮಾಡುವ ಕೆಲಸದಲ್ಲಿಯೇ ಜಿಗುಪ್ಸೆ. ಮೂರನೆಯದು, ತನ್ನಿಂದ ಕೆಲಸ ಕೈಗೂಡುತ್ತಿಲ್ಲವೆಂಬ ಭಾವನೆ.

ಈ ವ್ಯಾಖ್ಯೆ ಉದ್ಯೋಗಕ್ಕೆ ಸೀಮಿತವಾದುದಾದರೂ ಮನೆಯೊಳಗೂ ಇಂಥ ಬಳಲಿಕೆ ಕಾಣುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಳ್ಳುವ ಸೊಸೆಯನ್ನು ಗಮನಿಸಿರಿ. ಕೈ ಕೆಲಸ ಮಾಡುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಸಣ್ಣ ಮಾತಿಗೂ ಸಿಡಿಮಿಡಿ. ಬಳಿಕ ‘ಹಾಗೆ ಅನ್ನಬಾರದಿತ್ತು’ ಎಂಬ ಕೊರಗು. ಮನೆಯವರು ಇದನ್ನು ಸೊಕ್ಕೆಂದು ಬಗೆದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ.

ಇಂಥವರಿಗೆ ‘ಸಹಿಸಿಕೋ’ ಎಂಬ ಉಪದೇಶ ಸಾಲದು, ಹೊರೆಯೇ ಇಳಿಯಬೇಕು. ರಾತ್ರಿಯ ಆರೈಕೆಯನ್ನು ಸರದಿಯಂತೆ ಹಂಚಿಕೊಳ್ಳಬೇಕು. ಗಂಡ, ಮೈದುನ, ನಾದಿನಿ ಯಾರಾದರೊಬ್ಬರು ವಾರದಲ್ಲಿ ಅರ್ಧ ದಿನವಾದರೂ ಪೂರ್ಣ ಹೊಣೆ ಹೊತ್ತು, ಆಕೆಗೆ ಬಿಡುವು ಕೊಡಬೇಕು. ನೌಕರಿಯಲ್ಲಿರುವವರು ಮೀರಿದ ಕೆಲಸವನ್ನು ಮೇಲಧಿಕಾರಿಗಳಿಗೆ ತಿಳಿಸಿ ಕಡಿಮೆ ಮಾಡಿಸಿಕೊಳ್ಳಲು ಸಂಕೋಚಪಡಬಾರದು. ಮನೆಗೆ ಬಂದ ಮೇಲೆ ಕಚೇರಿಯ ಮೊಬೈಲ್ ಕರೆಗಳಿಗೂ ಒಂದು ಮಿತಿಯಿರಲಿ. ನಿದ್ರೆ, ಹೊತ್ತಿಗೆ ಸರಿಯಾದ ಊಟ, ಆತ್ಮೀಯರೊಡನೆ ಮಾತು ಇವು ಆಲಸ್ಯವಲ್ಲ. ನಾಳಿನ ದುಡಿಮೆಗೆ ಬಂಡವಾಳ.

ಬಿಡದ ಆಯಾಸವೆಲ್ಲವೂ ಬರ್ನ್‌ಔಟ್ ಅಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆಗಳಲ್ಲಿಯೂ ಅದು ಬರುತ್ತದೆ. ಆದುದರಿಂದ ವೈದ್ಯರಲ್ಲಿ ತಪಾಸಣೆ ಅಗತ್ಯ. ಯಾವುದರಲ್ಲಿಯೂ ಸಂತೋಷವಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಖಿನ್ನತೆಯಿರಬಹುದು, ತಡಮಾಡಲೇಬಾರದು. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಎಲ್ಲರಿಗೂ ಉಣಬಡಿಸಿ ಕೊನೆಗೆ ಉಣ್ಣುವವರು ಪ್ರತಿ ಮನೆಯಲ್ಲಿಯೂ ಇದ್ದಾರೆ. ‘ನಿನಗೆ ಸಾಕಾಗಿದೆಯೇ?’ ಎಂದು ಅವರನ್ನು ಇಂದೇ ಕೇಳಿರಿ. ಕೇಳಿದ ಮೇಲೆ ಕೆಲಸಕ್ಕೂ ಕೈಗೂಡಿಸಿರಿ.