ಕಾಣಿಕೆ ಕೊಟ್ಟವರು ಮತ್ತು ಕೊಂಡವರು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯನ್ನು ಕಂಡಾಗಲೆಲ್ಲ ನನಗೆ ಅರಸನಿಗಿಂತ ಮೊದಲು ನೆನಪಾಗುವವನು ಕೇತಮಲ್ಲ. 12ನೇ ಶತಮಾನದಲ್ಲಿ ವಿಷ್ಣುವರ್ಧನನ ಈ ಅಧಿಕಾರಿ ಮುಂದೆ ನಿಂತು ಕಟ್ಟಿಸಿದ ಗುಡಿಗೆ ಊರ ಸಿರಿವಂತರ ಹಣವೂ ಸಂದಿತು. ಆ ಕಾಣಿಕೆ ಯಾರ ವ್ಯಾಪಾರದ ಬಂಡವಾಳವೂ ಆಗಲಿಲ್ಲ.

2012ರಲ್ಲಿ ಅಮೆರಿಕದ ತರುಣ ಪಾಮರ್ ಲಕ್ಕಿ, ಮಿಥ್ಯಾವಾಸ್ತವವನ್ನು ಕಣ್ಣಮುಂದೆ ತರುವ ‘ಆಕ್ಯುಲಸ್ ರಿಫ್ಟ್’ ಸಾಧನಕ್ಕಾಗಿ ಜೋಳಿಗೆ ಹಿಡಿದಾಗ 9,500ಕ್ಕೂ ಹೆಚ್ಚು ಮಂದಿ ಸುಮಾರು 24 ಲಕ್ಷ ಡಾಲರ್ ನೀಡಿದರು. 2014ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದಾಗ ವಿಡಿಯೊ ಗೇಮ್ ಪ್ರಿಯರು ಸಿಡಿದೆದ್ದರು. ಆದರೆ ಅವರು ಕೊಟ್ಟದ್ದು ಕಾಣಿಕೆ, ಷೇರಲ್ಲ. ಹಣ ಕೊಟ್ಟವರಲ್ಲೊಬ್ಬನಾದ ‘ಮೈನ್‌ಕ್ರಾಫ್ಟ್’ ಜನಕ ಮಾರ್ಕಸ್ ಪರ್ಸನ್ ಆಕ್ಯುಲಸ್ ಜತೆಗಿನ ಮಾತುಕತೆಯನ್ನೇ ಮುರಿದ. ಅದೇ ವರ್ಷ ತನ್ನ ಕಂಪನಿಯನ್ನು ಮೈಕ್ರೊಸಾಫ್ಟ್‌ಗೆ ಮಾರಿದ ಎಂಬುದು ಬೇರೆ ಮಾತು.

ಆತಂಕ ಹುಸಿಯಾಗಲಿಲ್ಲ. 2020ರಲ್ಲಿ ಹೊಸ ಬಳಕೆದಾರರಿಗೆ ಫೇಸ್‌ಬುಕ್ ಖಾತೆ ಕಡ್ಡಾಯವಾಯಿತು. ಆ ಷರತ್ತು ಸಡಿಲಗೊಂಡದ್ದು 2022ರಲ್ಲಿ.

ಬೇಲೂರು, ಹಳೇಬೀಡು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿವೆ. ನಾಳೆ ಅವುಗಳನ್ನೂ ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ಮಂಟಪವನ್ನೂ ಮಕ್ಕಳು ಇಂಥ ಸಾಧನದಲ್ಲೇ ನೋಡಬಹುದು. ನೋಡಲಿ, ಆದರೆ ಆ ಚಿತ್ರಗಳ ಒಡೆತನ ಸಾರ್ವಜನಿಕರದೆಂದು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಬೇಕು. ಗುಡಿ ನಮ್ಮದು, ಬೀಗದ ಕೈ ಪರರದು ಎಂಬಂತಾಗಬಾರದು.